ತೂಕದ ಗೆರೆ ಯಾರಿಗಾಗಿ?

ಮಗು ಬೆಳೆದದ್ದನ್ನು ಅಳೆದು ಬರೆದಿಡುವ ರೂಢಿ ಹಳೆಯದು. ಫ್ರಾನ್ಸಿನ ಮಾಂಬೆಯಾರ್ ಎಂಬಾತ 1759ರಿಂದ 1777ರವರೆಗೆ ತನ್ನ ಮಗನ ಎತ್ತರ ಅಳೆಯುತ್ತಲೇ ಹೋದ. ಅದೇನಿದ್ದರೂ ವಿದ್ವಾಂಸರ ಕುತೂಹಲ. ಅಂಥ ಅಳತೆಗಳನ್ನು ಜೋಡಿಸಿದ ಗೆರೆ ತಾಯಿಯ ಕೈಗೆ ಬರಲು ಸುಮಾರು ಎರಡು ಶತಮಾನ ಹಿಡಿಯಿತು. ನೈಜೀರಿಯಾದ ಇಮೆಸಿ-ಇಲೆ ಗ್ರಾಮದಲ್ಲಿ ಕೆಲಸಕ್ಕಿದ್ದ ಬ್ರಿಟಿಷ್ ಮಕ್ಕಳ ವೈದ್ಯ ಡೇವಿಡ್ ಮಾರ್ಲೆ, ತೂಕದ ಕಾರ್ಡನ್ನು ಆಸ್ಪತ್ರೆಯ ಬೀರುವಿನಲ್ಲಿ ಇಡದೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಂದಿರಿಗೇ ಕೊಟ್ಟರು. ಒಂದು ದಿನದ ತೂಕ ಹೇಳುವುದು ಅಷ್ಟಕ್ಕಷ್ಟೆ. ಸಣಕಲು ಮಗುವಿನ ಗೆರೆ ಏರುತ್ತಿದ್ದರೆ ಧೈರ್ಯ ತಾಳಬಹುದು. ಗುಂಡುಗುಂಡಾದ ಮಗುವಿನದು ಎರಡು ಮೂರು ತಿಂಗಳು ಅಡ್ಡಡ್ಡ ಹೋದರೆ ಎಚ್ಚರಾಗಬೇಕು. ಇದನ್ನು ಮೊದಲು ಕಾಣಬೇಕಾದವಳು ಉಣಿಸುವವಳು. ಮುಂದೆ ಮಾರ್ಲೆ ಬಳಗದವರು ಸ್ಪ್ರಿಂಗಿನ ಹಿಂದೆಯೇ ಕಾರ್ಡು ಸಿಕ್ಕಿಸುವ ತಕ್ಕಡಿ ಮಾಡಿದರು: ಮಗುವನ್ನು ತೂಗುಹಾಕಿದಾಗ ಸ್ಪ್ರಿಂಗ್ ಎಳೆದುಕೊಂಡು ನಿಂತಲ್ಲಿ ತಾಯಿಯೇ ಪೆನ್ನಿನಿಂದ ಚುಕ್ಕೆ ಇಡಬೇಕು. ಓದು ಬಾರದವರಿಗೆ ನಕ್ಷೆ ತಿಳಿಯುವುದಿಲ್ಲ ಎಂಬ ಮಾತಿಗೆ ಅವರ ಉತ್ತರ ಅದೇ.

ನಮ್ಮಲ್ಲಿ ಆದದ್ದು ಬೇರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ತೂಕ ನೋಡುವ ಪದ್ಧತಿಯೂ ಅದರ ಜೊತೆಗೇ ಬಂತು, ಆದರೆ ನಕ್ಷೆ ಬಹುಮಟ್ಟಿಗೆ ಅಂಗನವಾಡಿಯ ರಿಜಿಸ್ಟರಿನಲ್ಲಿ ಉಳಿಯಿತು. ಮೇಲಿನ ಕಚೇರಿಗೆ ಬೇಕಾದದ್ದು ಅಪೌಷ್ಟಿಕತೆಯ ಯಾವ ದರ್ಜೆಯಲ್ಲಿ ಎಷ್ಟು ಮಕ್ಕಳು ಎಂಬ ಲೆಕ್ಕ. ಗೆರೆ ಎತ್ತ ಹೊರಟಿದೆ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ ಮೇಲೆ ಅದೇ ಲೆಕ್ಕ ಮೊಬೈಲಿಗೆ ಏರಿತು, ಅಷ್ಟೆ.

ಗೆರೆಯನ್ನೇ ನಂಬಬಹುದೇ ಎಂದು ಕೇಳುವವರಿದ್ದಾರೆ. ಒಂದು ಕಾಲಕ್ಕೆ ಅವರ ಮಾತು ನಿಜವೇ ಆಗಿತ್ತು. ಆಗ ಎಷ್ಟೋ ಕಡೆ ಅಳತೆಗೋಲಾಗಿದ್ದ 1977ರ ಅಮೆರಿಕದ ನಕ್ಷೆಯಲ್ಲಿ ಕೂಸುಗಳ ಭಾಗಕ್ಕೆ ಆಧಾರ ಓಹಾಯೊ ಪ್ರದೇಶದ, ಬಹುಪಾಲು ಬಾಟಲಿ ಹಾಲು ಕುಡಿದ ಮಕ್ಕಳು. ಅದರ ಪಕ್ಕದಲ್ಲಿಟ್ಟರೆ ಮೊಲೆಹಾಲು ಕುಡಿದು ಚೆನ್ನಾಗಿಯೇ ಇದ್ದ ಕೂಸು ಕೆಲವು ತಿಂಗಳಾದ ಮೇಲೆ ಸೊರಗಿದಂತೆ ಕಾಣುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಹೊಸ ನಕ್ಷೆ ಕೊಟ್ಟಿತು. ಅನುಕೂಲಸ್ಥ ಮನೆಯಲ್ಲಿ ಮೊಲೆಹಾಲು ಕುಡಿದು ಬೆಳೆದ ದೆಹಲಿಯ ಮಗುವೂ ಓಸ್ಲೋದ ಮಗುವೂ ಉದ್ದದಲ್ಲಿ ಹೆಚ್ಚುಕಡಿಮೆ ಸಮಸಮ ಬೆಳೆದಿದ್ದವು. ನಮ್ಮ ಮಕ್ಕಳು ಹುಟ್ಟಾ ಕುಳ್ಳರು, ಕುಳ್ಳಾದರೂ ಗಟ್ಟಿ ಎಂಬ ವಾದಕ್ಕೆ ಇದರಿಂದ ಬಲ ಉಳಿಯಲಿಲ್ಲ. ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಅದನ್ನು ಮೊದಲೇ ವಿರೋಧಿಸಿದ್ದರು.

ತೂಗಿದ ಮಾತ್ರಕ್ಕೆ ಹೊಟ್ಟೆ ತುಂಬೀತೇ ಎಂಬುದು ಇನ್ನೊಂದು ಆಕ್ಷೇಪ. ತುಂಬದು. ಆದರೆ ಏನು, ಎಷ್ಟು ಸಲ ಉಣಿಸಬೇಕು ಎಂಬ ಮಾತು ಶುರುವಾಗಬೇಕಾದದ್ದು ಆ ಚುಕ್ಕೆಯ ಮುಂದೆಯೇ, ತಾಯಿ ಎದುರಿಗಿರುವಾಗ. ಅಂಗನವಾಡಿ ಕಾರ್ಯಕರ್ತೆಗೆ ಪುರುಸೊತ್ತೆಲ್ಲಿ ಎನ್ನುತ್ತಾರೆ. ಮೊಬೈಲಿಗೆ ತೂಕ ತುಂಬಲು ಆಕೆಗೆ ಪುರುಸೊತ್ತು ಮಾಡಿಸಿದ್ದೇವಲ್ಲ. ತಾಯಿ ಕಾರ್ಡಿನಲ್ಲಿ ಚುಕ್ಕೆ ಇಡಲು ಅದಕ್ಕಿಂತ ಹೆಚ್ಚು ಹೊತ್ತು ಬೇಡ.