ಸೈಕಲ್ಲಿಗೊಂದು ದಾರಿ

ದಾರಿ ಎಷ್ಟು ದೂರ ಎಂದು ಕೇಳಿದರೆ ಈಗ ಎಲ್ಲರೂ ಗಂಟೆಯ ಲೆಕ್ಕ ಹೇಳುತ್ತಾರೆ. ನಮ್ಮಮ್ಮನ ಕಾಲದವರದು ನೀರಿನ ಲೆಕ್ಕ. ಯಲಹಂಕದಲ್ಲಿ ಬೆಳಗಿನ ಜಾವ ಗಾಡಿ ಕಟ್ಟಿದರೆ ರಾಜಾನುಕುಂಟೆಯಲ್ಲಿ ಎತ್ತಿಗೆ ನೀರು, ಊಟದ ಹೊತ್ತಿಗೆ ದೊಡ್ಡಬಳ್ಳಾಪುರ ಎನ್ನುತ್ತಿದ್ದರು. ಕುಂಟೆ ಎಂದರೆ ನೀರು ನಿಲ್ಲುವ ಹೊಂಡ ತಾನೆ? ಎತ್ತು ಎಲ್ಲಿ ಬಾಯಾರುತ್ತದೋ ಅಲ್ಲೊಂದು ಕುಂಟೆಯೋ ಕಟ್ಟೆಯೋ ಇದ್ದು, ಅದರ ದಂಡೆಗೆ ಒಂದು ಊರು ಬೆಳೆದಿರುತ್ತಿತ್ತು. ಮನುಷ್ಯ ಸೈಕಲ್ ತುಳಿದರೂ ಬಾಯಾರುವುದು ಹೆಚ್ಚು ಕಡಿಮೆ ಅದೇ ದೂರಕ್ಕೆ. ಹಳೆಯ ದಾರಿಗಳು ಕಾರಿಗಿಂತ ಸೈಕಲ್ಲಿಗೆ ಚೆನ್ನಾಗಿ ಹೊಂದುವುದು ಅದಕ್ಕೇ ಎಂದು ನನಗೆ ಈಚೆಗೆ ತಿಳಿಯಿತು.

ತಿಳಿಯುವುದಕ್ಕೆ ಕಾರಣ ನನ್ನ ಅಣ್ಣನ ಮಗಳು. ಅವಳೂ ಅವಳ ಜೊತೆಯಲ್ಲಿ ಕೆಲಸ ಮಾಡುವ ಮೂವರು ಹುಡುಗಿಯರೂ ಸೈಕಲ್ ಮೇಲೆ ಬೆಂಗಳೂರಿನಿಂದ ಲೇಪಾಕ್ಷಿಗೆ ಹೋಗಬೇಕೆಂದು ಮನಸ್ಸು ಮಾಡಿದ್ದಾರೆ. ವರ್ಷಗಟ್ಟಲೆ ಶಾಲೆಯಲ್ಲಿ ಚರಿತ್ರೆ ಪಾಠ ಹೇಳಿದ ಸೋದರತ್ತೆ ಆರ್.ಟಿ. ನಗರದಲ್ಲಿ ಬಿಡುವಾಗಿ ಕೂತಿರುವಾಗ ಬಿಡುತ್ತಾರೆಯೇ? "ಅತ್ತೆ, ದಾರಿ ನೀವೇ ಹಾಕಿಕೊಡಿ. ನೋಡೋದಕ್ಕೆ ಚೆನ್ನಾಗಿರಬೇಕು, ಲಾರಿ ಕಾಟ ಇರಬಾರದು" ಎಂದಳು. ಅವಳ ಫೋನು ತೋರಿಸಿದ್ದು ಹೆದ್ದಾರಿಯನ್ನು. ಹೆಬ್ಬಾಳ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಆಮೇಲೆ ಎಡಕ್ಕೆ ತಿರುಗಿ ಲೇಪಾಕ್ಷಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ರಸ್ತೆಯಲ್ಲಿ ಸೈಕಲ್ಲಿನವರ ಪಾಡು ನಮಗೆಲ್ಲ ಗೊತ್ತೇ ಇದೆ. ಅದನ್ನು ಬಿಟ್ಟು, ರಾಜಾನುಕುಂಟೆ, ದೊಡ್ಡಬಳ್ಳಾಪುರ, ನಂದಿ, ಚಿಕ್ಕಬಳ್ಳಾಪುರ, ಮಂಚೇನಹಳ್ಳಿ, ಗೌರಿಬಿದನೂರು, ವಿದುರಾಶ್ವತ್ಥ, ಹಿಂದೂಪುರದ ಮೇಲೆ ಹೋಗುವ ದಾರಿಯನ್ನು ನಾನು ಹಿಡಿದೆ. ಎಲ್ಲ ಸೇರಿ ಸುಮಾರು 120 ಕಿಲೋಮೀಟರು, ಎರಡು ದಿನ, ನಡುವೆ ಚಿಕ್ಕಬಳ್ಳಾಪುರದಲ್ಲಿ ಒಂದು ರಾತ್ರಿ.

ಬೆಂಗಳೂರು ಪೇಟೆಯಿಂದ ಉತ್ತರಕ್ಕೆ ಹೊರಡುವ ಬಾಗಿಲಿಗೆ ಯಲಹಂಕ ಬಾಗಿಲು ಎಂದೇ ಹೆಸರಿತ್ತು. ಬಾಗಿಲು ಹೋಗಿ ಎಷ್ಟೋ ಕಾಲವಾಯಿತು. ಮೈಸೂರು ಬ್ಯಾಂಕ್ ಸರ್ಕಲ್ಲಿನ ಆಂಜನೇಯ ಮಾತ್ರ ಆ ಹೆಸರನ್ನು ಉಳಿಸಿಕೊಂಡಿದ್ದಾನೆ. ಅಲ್ಲಿಂದ ಮೇಖ್ರಿ ಸರ್ಕಲ್ಲಿನ ಹತ್ತಿರ ಕೆಂಪೇಗೌಡರ ಗೋಪುರ. ಇನ್ನೂ ಮುಂದೆ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಒಂದು ವೀರಗಲ್ಲು. ಗಂಗರ ಶ್ರೀಪುರುಷನ ಕಾಲದಲ್ಲಿ ಹೋರಾಡಿ ಸತ್ತ ಕಿಟ್ಟಯ್ಯ ಎಂಬಾತನ ಹೆಸರು ಅದರಲ್ಲಿದೆ. ಬೆಂಗಳೂರಿನ ಸುತ್ತ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅದೇ ಅತಿ ಹಳೆಯದೆನ್ನುತ್ತಾರೆ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟುವುದಕ್ಕೆ ಏಳುನೂರು ಎಂಟುನೂರು ವರ್ಷ ಮೊದಲೇ ಹೆಬ್ಬಾಳದಲ್ಲಿ ಅಕ್ಷರ ಕೆತ್ತುವವರಿದ್ದರು. ನಾವು ಮೇಲ್ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ನಮಗೆ ಕಾಣುವುದು ಮುಂದಿನ ಬಸ್ಸಿನ ಹಿಂಭಾಗ ಮಾತ್ರ.

ಯಲಹಂಕದ ಪ್ರಭುಗಳ ಕಥೆಯೂ ಒಂದು ಪ್ರಯಾಣದಿಂದಲೇ ಆರಂಭವಾಗುತ್ತದೆ. ಕಂಚಿಯ ಕಡೆಯಿಂದ ರಣಭೈರೇಗೌಡ ತನ್ನವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದು ದೇವನಹಳ್ಳಿಯ ಹತ್ತಿರದ ಅವತಿಯಲ್ಲಿ ನೆಲೆ ನಿಂತನೆಂದೂ, ಮಗಳನ್ನು ಕೊಡೆಂದು ಅಲ್ಲಿನ ಪಾಳೆಯಗಾರ ಬಲವಂತ ಮಾಡಿದ್ದರಿಂದ ರಾತ್ರೋರಾತ್ರಿ ಹೊರಟನೆಂದೂ ಐತಿಹ್ಯ. ಆ ಮನೆತನದ ಕವಲುಗಳೇ ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳಲ್ಲಿ ಆಳಿದವು. ಹಾಗೆ ನೋಡಿದರೆ ಈ ಸೀಮೆಯ ಚರಿತ್ರೆಗೆ ನಾಂದಿಯಾದದ್ದು ಒಬ್ಬ ಹುಡುಗಿಯ ಪಯಣ. ಆದರೆ ಅವಳನ್ನು ಯಾರೂ ಕೇಳಲಿಲ್ಲ. ಬೇಕೆಂದವನು ಒಬ್ಬ, ಗಾಡಿ ಕಟ್ಟಿದವನು ಇನ್ನೊಬ್ಬ.

ಆಮೇಲಾದರೂ ಹೆಣ್ಣು ದಾರಿ ನಡೆದದ್ದು ಯಾವ ಯಾವ ಕಾರಣಕ್ಕೆ? ನಮ್ಮಮ್ಮ ಬದುಕಿನಲ್ಲಿ ಮಾಡಿದ ಪ್ರಯಾಣಗಳನ್ನು ಬೆರಳು ಮಡಿಸಿ ಎಣಿಸಬಹುದು. ಮದುವೆಗಳು, ಬಾಣಂತನಗಳು, ಸಾವಿನ ಸುದ್ದಿಗಳು, ಹರಕೆಗಳು. ಊರು ನೋಡಲೆಂದು ಅವರು ಹೊರಟದ್ದೇ ಇಲ್ಲ. ಹುಡುಗಿಯರ ಯೋಜನೆ ಕೇಳಿದಾಗ ಅಣ್ಣ ಮೊದಲು ಕೇಳಿದ್ದೂ ಅದನ್ನೇ. "ಏನಕ್ಕೆ ಹೋಗ್ಬೇಕು? ದೇವರು ನೋಡೋಕೆ ಅಂದ್ರೆ ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೀನಿ." ಇದೇ ಹುಡುಗಿಯ ತಮ್ಮ ಪ್ರತಿ ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಸೈಕಲ್ ತುಳಿಯುತ್ತಾನೆ. ಏನಕ್ಕೆ ಎಂದು ಅವನನ್ನು ಈವರೆಗೆ ಯಾರೂ ಕೇಳಿಲ್ಲ.

ಸೈಕಲ್ಲಿಗೂ ಹೆಂಗಸಿಗೂ ನಂಟು ಇಂದು ನಿನ್ನೆಯದಲ್ಲ. 1894ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಅನ್ನಿ ಲಂಡನ್‌ಡೆರಿ ಎಂಬ ಮೂರು ಮಕ್ಕಳ ತಾಯಿ ಸೈಕಲ್ ಹಿಡಿದು ಪ್ರಪಂಚ ಸುತ್ತಲು ಹೊರಟಳು. ಲಂಡನ್‌ಡೆರಿ ಅವಳ ಮನೆತನದ ಹೆಸರಲ್ಲ, ಬಾಟಲಿ ನೀರು ಮಾರುವ ಕಂಪನಿಯ ಹೆಸರು. ಅದನ್ನು ಇಟ್ಟುಕೊಳ್ಳಲು ಅವರು ನೂರು ಡಾಲರ್ ಕೊಟ್ಟಿದ್ದರು. ಉದ್ದ ಲಂಗ ಚಕ್ರಕ್ಕೆ ತೊಡಕಾಗುತ್ತದೆಂದು ದಾರಿಯಲ್ಲಿ ಅದನ್ನು ಬಿಟ್ಟು ಷರಾಯಿಗೆ ಬಂದಳು. ಹೆಚ್ಚು ದೂರ ಹಡಗಿನಲ್ಲಿ ಹೋದದ್ದು ನಿಜ, ಆದರೂ 1895ರಲ್ಲಿ ಮರಳಿದಳು. ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1991ರಿಂದ ನಡೆದ ಸಾಕ್ಷರತಾ ಆಂದೋಲನದಲ್ಲಿ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಹಳ್ಳಿಯ ಸಾವಿರಾರು ಹೆಂಗಸರು ಕಲಿತರು. ಕಲ್ಲು ಗಣಿಯಲ್ಲಿ ದುಡಿಯುವವರು, ಕೂಲಿಯವರು, ಅಂಗನವಾಡಿಯವರು, ಎಲ್ಲ ಸೀರೆ ಎತ್ತಿ ಕಟ್ಟಿ ತುಳಿದರು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಾಗ, ದೂರದ ಹಳ್ಳಿಗಳಿಂದ ಹುಡುಗಿಯರು ಸಾಲಾಗಿ ಬರುವುದನ್ನು ಶಾಲೆಯ ಗೇಟಿನಲ್ಲಿ ನಿಂತು ನೋಡಿದವಳು ನಾನು. ನನ್ನ ಕಾಲದಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿಗೆ ತಮ್ಮನನ್ನೇ ಕಳಿಸಬೇಕಾಗಿತ್ತು. ಅವನು ತಂದು, ಅರ್ಧ ಗಂಟೆ ತಾನು ತುಳಿದು, ಉಳಿದ ಅರ್ಧ ನನಗೆ ಬಿಡುತ್ತಿದ್ದ. ದುಡ್ಡು ಮಾತ್ರ ಪೂರ್ತಿ ನನ್ನದು!

ಇನ್ನು ದಾರಿಗೆ ಬರೋಣ. ಮೊದಲ ದಿನ ದೊಡ್ಡಬಳ್ಳಾಪುರ ಸಿಕ್ಕುವುದು ಕಿವಿಗೆ. ಬೀದಿಬೀದಿಯಲ್ಲಿ ಮಗ್ಗದ ಸದ್ದು. ನಮ್ಮಲ್ಲಿ ಎಷ್ಟೋ ಜನ ಉಡುವ ರೇಷ್ಮೆ ಸೀರೆ ಅಲ್ಲಿ ನೇಯ್ದದ್ದು. ಅಲ್ಲಿ ಕಾಫಿ ಕುಡಿದು ಒಂದು ಮಗ್ಗದ ಮನೆಯೊಳಗೆ ಇಣುಕಿ ಹೋಗಿ ಎಂದು ಬರೆದಿದ್ದೇನೆ. ಊರನ್ನು ಹಾಯುವ ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ಹೆಸರಘಟ್ಟದ ಕಡೆ ಇಳಿಯುತ್ತದೆ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು ಆ ಹೆಸರಘಟ್ಟದ ಕೆರೆಯೇ. ಮೊದಲ ದಿನ ಹುಡುಗಿಯರು ತುಳಿಯುವುದು ಆ ನೀರಿಗೆ ಎದುರಾಗಿ, ಅಂದರೆ ಏರಿನ ಕಡೆಗೆ. ಆದ್ದರಿಂದ ಅಂದು 55 ಕಿಲೋಮೀಟರಿಗಿಂತ ಹೆಚ್ಚು ಇಡಲಿಲ್ಲ.

ನಂದಿಯಲ್ಲಿ ಬೆಟ್ಟ ಹತ್ತುವುದು ಬೇಡ, ಕೆಳಗಿನ ಭೋಗನಂದೀಶ್ವರ ಸಾಕು ಎಂದೆ. 1,478 ಮೀಟರಿನ ಬೆಟ್ಟಕ್ಕೆ ಎಲ್ಲರೂ ಹೋಗುತ್ತಾರೆ. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಲು ತಂಗಿದ್ದೂ ಅಲ್ಲೇ. ಕೆಳಗಿನ ದೇವಾಲಯದ ಸಂಗತಿ ಮಾತ್ರ ಬಹಳ ಜನಕ್ಕೆ ತಿಳಿಯದು. ಇಲ್ಲಿ ಶಿವಾಲಯ ಕಟ್ಟಿಸಿದವಳು ಬಾಣ ಅರಸ ವಿದ್ಯಾಧರನ ರಾಣಿ ರತ್ನಾವಳಿ. ಒಂಬತ್ತನೆಯ ಶತಮಾನದ ಆರಂಭದ ತಾಮ್ರಶಾಸನದಿಂದ ಇದು ತಿಳಿಯುತ್ತದೆ. ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತ ಹೋದರು. ಕಲ್ಯಾಣ ಮಂಟಪದ ಕಂಬಗಳನ್ನೂ ಕೊಳವನ್ನೂ ನೋಡಿ, ಮೆಟ್ಟಿಲ ಮೇಲೆ ಕಾಲು ನೀಡಿ ಕೂತರೆ ಅಂದಿನ ದಣಿವು ಕಳೆಯುತ್ತದೆ.

ಚಿಕ್ಕಬಳ್ಳಾಪುರದಲ್ಲಿ ಕಂದವಾರ ಕೆರೆಯನ್ನು ನೋಡಲೇಬೇಕು. ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧಮಾಡಿ, ಪಂಪಿನಿಂದ ಮೇಲಕ್ಕೆತ್ತಿ, ಈ ಬರಗಾಲದ ಸೀಮೆಯ ಕೆರೆಗಳಿಗೆ ತುಂಬಿಸುತ್ತಾರೆ. ಆರ್.ಟಿ. ನಗರದ ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆದ ನೀರು ಹುಡುಗಿಯರಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿರುತ್ತದೆ. ಅಂತರ್ಜಲ ಏರಿತೆಂದು ಸಂತೋಷಪಡುವವರಿದ್ದಾರೆ, ಇನ್ನೂ ಚೆನ್ನಾಗಿ ಶುದ್ಧಮಾಡಿ ಕಳಿಸಿ ಎಂದು ಜಗಳವಾಡುವವರೂ ಇದ್ದಾರೆ. ಎರಡೂ ನ್ಯಾಯವೇ.

ಎರಡನೆಯ ದಿನ ನೀರಿನ ದಿಕ್ಕು ಬದಲಾಗುತ್ತದೆ. ಅರ್ಕಾವತಿ ಕಾವೇರಿಗೆ ಸೇರುವ ನೀರು. ನಂದಿಯ ಸೀಮೆಯಲ್ಲೇ ಹುಟ್ಟುವ ಉತ್ತರ ಪಿನಾಕಿನಿ ಮಾತ್ರ ಗೌರಿಬಿದನೂರು, ಹಿಂದೂಪುರದ ಕಡೆ ಹರಿದು, ಪೆನ್ನಾರ್ ಎನ್ನಿಸಿಕೊಂಡು ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಚಿಕ್ಕಬಳ್ಳಾಪುರಕ್ಕಿಂತ ಗೌರಿಬಿದನೂರು ಇನ್ನೂರು ಮೀಟರಿನಷ್ಟು ತಗ್ಗು, ಹಿಂದೂಪುರ ಅದಕ್ಕಿಂತ ತಗ್ಗು. ನೀರು ಹೋದ ಕಡೆಗೆ ಚಕ್ರವೂ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಅಂದು 65, 70 ಕಿಲೋಮೀಟರು ಇಟ್ಟರೂ ಭಯವಿಲ್ಲ. ಹೊಳೆ ಹೆಚ್ಚು ಕಾಲ ಮರಳಾಗಿಯೇ ಇರುತ್ತದೆ, ಆದರೆ ಇಳಿಜಾರು ಹೋಗಿಲ್ಲವಲ್ಲ!

ಅಣ್ಣನಿಗಾಗಿ ಇನ್ನೊಂದು ಸಾಲನ್ನು ಸೇರಿಸಿದೆ. ಬೆಂಗಳೂರಿನಿಂದ ಹಿಂದೂಪುರಕ್ಕೆ 1890ರ ದಶಕದಲ್ಲೇ ರೈಲು ಬಂದಿದೆ. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ಗೌರಿಬಿದನೂರು, ವಿದುರಾಶ್ವತ್ಥ, ಎಲ್ಲ ಅದರ ನಿಲ್ದಾಣಗಳು. ಯಾರಿಗಾದರೂ ಕಾಲು ಸೋತರೆ, ಟೈರು ಕೈಕೊಟ್ಟರೆ, ಹತ್ತಿರದಲ್ಲೊಂದು ಸ್ಟೇಷನ್ ಇರುತ್ತದೆ. ಹೆಂಗಸರ ಪ್ರಯಾಣಕ್ಕೆ ಮೊದಲು ನೋಡಬೇಕಾದ ಶೌಚಾಲಯದ ಅನುಕೂಲವೂ ಅಲ್ಲಿ ನಿಲ್ದಾಣ, ಬಸ್ ಸ್ಟ್ಯಾಂಡು, ದೇವಸ್ಥಾನಗಳಲ್ಲಿ ಸಿಕ್ಕೀತು. ಅಣ್ಣ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. "ಗೌರಿಬಿದನೂರಿನಲ್ಲಿ ಮಧ್ಯಾಹ್ನ ಆಗ್ಬಿಡುತ್ತೆ, ಬಿಸಿಲು. ಒಂದು ಗಂಟೆ ಮುಂಚೆ ಹೊರಡಲಿ" ಎಂದ. ಅದನ್ನೂ ಬರೆದುಕೊಂಡೆ. ಏನಕ್ಕೆ ಎಂಬ ಮಾತು ಮತ್ತೆ ಬರಲಿಲ್ಲ.

ವಿದುರಾಶ್ವತ್ಥಕ್ಕೆ ನಾನು ಹುಟ್ಟುವ ಮೊದಲು ನಮ್ಮಮ್ಮ ಹೋಗಿದ್ದರಂತೆ. ಮಕ್ಕಳಿಗಾಗಿ ಹರಸಿಕೊಂಡವರು ಇಟ್ಟ ನಾಗರಕಲ್ಲುಗಳು ಅಲ್ಲಿ ಸಾವಿರಗಟ್ಟಲೆ ಇವೆ. ವಿದುರ ನೆಟ್ಟನೆಂದು ಜನ ನಂಬಿದ್ದ ಹಳೆಯ ಅಶ್ವತ್ಥ ಈಗಿಲ್ಲ. ಅಲ್ಲಿಯೇ 1938ರ ಏಪ್ರಿಲ್ 25ರಂದು, ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದೆಂಬ ಕಟ್ಟಳೆಯನ್ನು ಮೀರಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕ ಸಣ್ಣದು, ಜನರ ನೆನಪಿನಲ್ಲಿ ಸತ್ತವರು 32 ಮಂದಿ. ಅವರಲ್ಲಿ ಗೌರಮ್ಮ ಎಂಬ ಹೆಣ್ಣುಮಗಳೂ ಇದ್ದಳು. ಕೆಲವೇ ದಿನಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೂ ಸರದಾರ್ ಪಟೇಲರಿಗೂ ಒಪ್ಪಂದವಾಗಿ, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದಾಯಿತು. ಬಸಿರಿನ ಹರಕೆಗೆ ಹೆಂಗಸರು ಬರುವ ತೋಪಿನಲ್ಲಿ ಬಾವುಟಕ್ಕಾಗಿ ಒಬ್ಬ ಹೆಂಗಸು ಪ್ರಾಣ ಬಿಟ್ಟಳೆಂಬುದನ್ನು ಹುಡುಗಿಯರು ತಿಳಿದಿರಲಿ. ಅಲ್ಲಿ ಒಂದು ಗಂಟೆ ಹೊತ್ತು ಇಟ್ಟಿದ್ದೇನೆ.

ಅಲ್ಲಿಂದ ಸ್ವಲ್ಪ ದೂರಕ್ಕೆ ರಾಜ್ಯದ ಗಡಿ. ಬೋರ್ಡುಗಳು ತೆಲುಗಾಗುತ್ತವೆ, ಮಾತು ಅಷ್ಟು ಬೇಗ ಆಗುವುದಿಲ್ಲ. ಹಿಂದೂಪುರ, ಮಡಕಶಿರಾ ಕಡೆ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ. ಹಿಂದೂಪುರದಿಂದ ಲೇಪಾಕ್ಷಿಗೆ ಇನ್ನು ಸುಮಾರು 14 ಕಿಲೋಮೀಟರು. ಅಲ್ಲಿ ನೋಡಬೇಕಾದದ್ದು ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವಣ್ಣ. ವೀರಭದ್ರನ ಗುಡಿ ವಿಜಯನಗರದ ಅಚ್ಯುತರಾಯನ ಕಾಲದ್ದು. ಕೆಂಪೇಗೌಡರು ಬೆಂಗಳೂರು ಕಟ್ಟಿದ್ದೂ ಅದೇ ಅರಸನ ಕಾಲದಲ್ಲಿ. ಆಗ ಈ ದಾರಿಗೆ ಅಡ್ಡ ಗಡಿಯಿರಲಿಲ್ಲ. ಗುಡಿಯ ಗೋಡೆಯ ಶಾಸನಗಳಲ್ಲಿ ಕನ್ನಡದ ಅಕ್ಷರಗಳು ನಮ್ಮನ್ನು ಗುರುತು ಹಿಡಿದವರಂತೆ ನೋಡುತ್ತವೆ.

ಗೈಡುಗಳು ಎಲ್ಲರನ್ನೂ ನೇತಾಡುವ ಕಂಬದ ಹತ್ತಿರ ಕರೆದೊಯ್ದು ಅದರಡಿ ಬಟ್ಟೆ ಎಳೆದು ತೋರಿಸುತ್ತಾರೆ. ನಮ್ಮ ಹುಡುಗಿಯರಿಗೆ ನಾನು ಹೇಳಿರುವುದು ಕತ್ತೆತ್ತಿ ಮಂಟಪದ ಸೂರು ನೋಡಿ ಎಂದು. ಶಿವಪಾರ್ವತಿಯರ ಕಲ್ಯಾಣ, ಅದಕ್ಕೆ ಬಂದ ಹೆಂಗಸರ ಸಾಲು. ಒಬ್ಬೊಬ್ಬಳ ಸೀರೆಗೂ ಬೇರೆ ಬೇರೆ ಅಂಚು, ಬೇರೆ ಹೂವು, ಬೇರೆ ಚೌಕಳಿ. ಐನೂರು ವರ್ಷದ ಹಿಂದಿನ ಸೀರೆಯಂಗಡಿ! ಮೊದಲ ದಿನ ಮಗ್ಗದ ಮನೆಯಲ್ಲಿ ಕಂಡ ಸೀರೆಗಳಿಗೂ ಇವಕ್ಕೂ ಏನು ಹೋಲಿಕೆ ಎಂದು ನಾಲ್ವರೂ ಸಾವಧಾನವಾಗಿ ನೋಡಲಿ. ಕೆಳಗೆ ನೆಲದ ಮೇಲೆ ಅಂಗಾತ ಮಲಗಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕಾವಲಿನವರು ಏನಾದರೂ ಅಂದರೆ, ಯಲಹಂಕದಿಂದ ಸೈಕಲ್ ತುಳಿದುಕೊಂಡು ಬಂದಿದ್ದೇವೆ, ಬೆನ್ನು ನೋಯುತ್ತಿದೆ ಎಂದರಾಯಿತು.