ಕ್ಷಾಮದ ಎಲುಬುಗಳು ನುಡಿದ ಸತ್ಯ

ಇಸ್ಲಾಮೀ ನಾಗರಿಕತೆಯ ವೈದ್ಯಶಾಸ್ತ್ರದ ಕುರಿತು ಮಾತು ಬಂದಾಗ ನಾವು ಇಬ್ನ್ ಸೀನಾ ಮತ್ತು ಅರ್-ರಾಝಿಯವರ ಹೆಸರುಗಳನ್ನು ಅಭಿಮಾನದಿಂದ ಹೇಳುತ್ತೇವೆ. ಆದರೆ ಅಬ್ದುಲ್ಲತೀಫ್ ಅಲ್-ಬಗ್ದಾದಿಯವರನ್ನು ಸ್ಮರಿಸುವುದು ಅಪರೂಪ. 1162ರಲ್ಲಿ ಬಗ್ದಾದಿನಲ್ಲಿ ಜನಿಸಿದ ಈ ವಿದ್ವಾಂಸರು ಕೈರೋದ ಅಲ್-ಅಝ್ಹರ್‌ನಲ್ಲಿ ಬೋಧಿಸುತ್ತಿದ್ದರು.

1200ರಲ್ಲಿ ನೈಲ್ ನದಿಯ ನೆರೆ ಎಂದಿನ ಮಟ್ಟಕ್ಕೆ ಏರಲಿಲ್ಲ. ಹೊಲಗಳು ಒಣಗಿದವು. ಈಜಿಪ್ಟನ್ನು ಘೋರ ಕ್ಷಾಮ ಆವರಿಸಿತು. ಸತ್ತವರನ್ನು ದಫನ ಮಾಡಲೂ ಜನರಿಲ್ಲದಾದರು. ಅಲ್-ಮಕ್ಸ್ ಎಂಬಲ್ಲಿ ಮನುಷ್ಯರ ಎಲುಬುಗಳು ದಿಬ್ಬವಾಗಿ ಬಿದ್ದಿವೆಯೆಂದು ತಿಳಿದು ಅಲ್-ಬಗ್ದಾದಿ ಅಲ್ಲಿಗೆ ಹೋದರು.

ಆ ಕಾಲದ ವೈದ್ಯರಿಗೆ ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತೇ ಪ್ರಮಾಣ. ಕೆಳದವಡೆಯು ಗಲ್ಲದ ಬಳಿ ಕೂಡಿರುವ ಎರಡು ಎಲುಬುಗಳೆಂದು ಅವನು ಬರೆದಿದ್ದನು. ಅವನು ಹೆಚ್ಚಾಗಿ ಛೇದಿಸಿ ನೋಡಿದ್ದು ಪ್ರಾಣಿಗಳ ದೇಹಗಳನ್ನು. ಅಲ್-ಬಗ್ದಾದಿ ತಾವೂ ಪರೀಕ್ಷಿಸಿದರು, ಇತರರಿಂದಲೂ ಪರೀಕ್ಷೆ ಮಾಡಿಸಿದರು. ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ನೋಡಿದರೂ ದವಡೆಯಲ್ಲಿ ಕೀಲು ಕಾಣಲಿಲ್ಲ. ಅದು ಒಂದೇ ಎಲುಬು. ಗ್ಯಾಲೆನ್ ಎಷ್ಟೇ ಎಚ್ಚರದ ವಿದ್ವಾಂಸನಾದರೂ ಅವನ ಮಾತಿಗಿಂತ ಇಂದ್ರಿಯಗಳ ಸಾಕ್ಷ್ಯವೇ ನಂಬಲರ್ಹವೆಂದು ಅವರು ದಾಖಲಿಸಿದರು. ಯುರೋಪಿನ ವೆಸಾಲಿಯಸ್ ಇದೇ ದೋಷವನ್ನು ತಿದ್ದಿದ ಗ್ರಂಥ ಪ್ರಕಟವಾದುದು 1543ರಲ್ಲಿ.

ಇಂದಿನ ವಿಜ್ಞಾನವು ಇದರ ಹಿಂದಿನ ಬೆಳವಣಿಗೆಯನ್ನೂ ವಿವರಿಸುತ್ತದೆ. ತಾಯಿಯ ಗರ್ಭದಲ್ಲಿ ಕೆಳದವಡೆಯು ಎರಡು ಅರ್ಧಗಳಾಗಿಯೇ ರೂಪುಗೊಳ್ಳುತ್ತದೆ. ಹುಟ್ಟಿದ ಮೊದಲ ವರ್ಷದಲ್ಲಿ ಅವು ಬೆಸೆದು ಒಂದಾಗುತ್ತವೆ. ನಾಯಿಯಂತಹ ಪ್ರಾಣಿಗಳಲ್ಲಿ ಆ ಕೀಲು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಬೆಳವಣಿಗೆ ನಿಂತ ಮೇಲೂ ಎಲುಬು ಕಲ್ಲಿನಂತೆ ಜಡವಾಗಿರುವುದಿಲ್ಲ. ಕೆಲವು ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತವೆ, ಬೇರೆ ಕೆಲವು ಹೊಸತನ್ನು ಕಟ್ಟುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ಪ್ರತಿವರ್ಷ ಹೀಗೆ ನವೀಕರಣಗೊಳ್ಳುತ್ತದೆ. ವೃದ್ಧಾಪ್ಯದಲ್ಲಿ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾದಾಗ ಎಲುಬು ಟೊಳ್ಳಾಗಿ ಸುಲಭವಾಗಿ ಮುರಿಯುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಸಾಲದಾದಾಗ ದೇಹವು ರಕ್ತದಲ್ಲಿ ಅದರ ಪ್ರಮಾಣವನ್ನು ಕಾಯ್ದುಕೊಳ್ಳಲು ಎಲುಬಿನಿಂದಲೇ ಅದನ್ನು ತೆಗೆಯುತ್ತದೆ. ಹಸಿವು ಎಲುಬಿನ ಆಳಕ್ಕೂ ಇಳಿಯುತ್ತದೆ ಎಂಬುದು ಬರಿಯ ಅಲಂಕಾರದ ಮಾತಲ್ಲ.

ಅಲ್-ಬಗ್ದಾದಿ ಗ್ಯಾಲೆನ್‌ನನ್ನು ಹೀಯಾಳಿಸಲಿಲ್ಲ. ಕುರುಡಾಗಿ ಅನುಸರಿಸಲೂ ಇಲ್ಲ. ಪೂರ್ವಿಕರ ಹೆಸರುಗಳನ್ನು ಉಚ್ಚರಿಸಿದ ಮಾತ್ರಕ್ಕೆ ನಾವು ಅವರ ವಾರಸುದಾರರಾಗುವುದಿಲ್ಲ. ಅವರಂತೆ ಪರಿಶೀಲಿಸುವ ಪ್ರಾಮಾಣಿಕತೆಯೂ ನಮ್ಮಲ್ಲಿರಬೇಕು. ಈ ಜ್ಞಾನಕ್ಕಾಗಿ ಅವರಿಗೆ ಋಣಿಗಳಾಗಿರುವ ನಾವು, ಕಫನ್ ಕೂಡ ದೊರೆಯದೆ ಆ ದಿಬ್ಬದಲ್ಲಿ ಬಿದ್ದಿದ್ದ ಹೆಸರಿಲ್ಲದ ಬಡವರಿಗೂ ಋಣಿಗಳು. ಅಲ್ಲಾಹನು ಅವರೆಲ್ಲರ ಮೇಲೆ ಕರುಣೆ ತೋರಲಿ.