ಶೇಕಡಾ 30ರ ಗೆರೆ: ಸ್ಟೆಂಟ್ ಹಾಕಿದ ಪರಿಧಮನಿ ಮಾಯುವ ಬಗೆ

ಸ್ಟೆಂಟಿನ ಎಳೆಗಳಲ್ಲಿ ಬೋಳಾಗಿ ಉಳಿದವು ಶೇ. 30ಕ್ಕಿಂತ ಕಡಿಮೆಯಿದ್ದರೆ ಪರಿಧಮನಿ ಮಾಯಿತೆಂದೇ ಲೆಕ್ಕ ಎಂಬ ಮಾತು ಹೃದ್ರೋಗ ಬರವಣಿಗೆಯಲ್ಲಿ ಬೇರೂರಿದೆ. ಇದಕ್ಕೆ ಆಧಾರವೆಂದು ತೋರಿಸುವುದು ಅಲೋಕ್ ಫಿನ್, ರೇಣು ವೀರ್ಮಾನಿ ಮತ್ತು ಸಂಗಡಿಗರು 2007ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಶವಪರೀಕ್ಷೆಯ ಅಧ್ಯಯನವನ್ನು. ಆ ಅಧ್ಯಯನ ಹಾಗೆ ಹೇಳಿಲ್ಲ.

ಔಷಧವಿಲ್ಲದ ಬರಿ ಲೋಹದ ಸ್ಟೆಂಟಿನಲ್ಲಿ ಮಾಯುವ ಕ್ರಮ ಬಹುಮಟ್ಟಿಗೆ ನಿಶ್ಚಿತ. ಬಲೂನು ಉಬ್ಬಿದಾಗ ನಾಳದ ಒಳಪದರ ಹರಿಯುತ್ತದೆ. ಮೊದಲ ದಿನಗಳಲ್ಲಿ ಎಳೆಗಳ ಸುತ್ತ ಕಿರುಬಿಲ್ಲೆಗಳು ಮತ್ತು ಫೈಬ್ರಿನ್ ಕೂಡಿಕೊಳ್ಳುತ್ತವೆ. ಉರಿಯೂತದ ಕೋಶಗಳು ಬರುತ್ತವೆ. ವಾರಗಳು ಕಳೆದಂತೆ ನುಣುಪು ಸ್ನಾಯುಕೋಶಗಳು ಹೊಸ ಅಂಗಾಂಶ ಕಟ್ಟುತ್ತವೆ, ಅದರ ಮೇಲೆ ಎಂಡೋಥೀಲಿಯಂ ಕೋಶಗಳ ಒಂಟಿ ಪದರ ಹರಡುತ್ತದೆ. ಮನುಷ್ಯರಲ್ಲಿ ಇದಕ್ಕೆ ಕೆಲವು ತಿಂಗಳು ಬೇಕು. ಅಂಗಾಂಶ ಮಿತಿಮೀರಿ ಬೆಳೆದರೆ ನಾಳ ಮತ್ತೆ ಕಿರಿದಾಗುತ್ತದೆ.

ಈ ಬೆಳವಣಿಗೆಯನ್ನು ತಡೆಯಲೆಂದೇ ಸಿರೋಲಿಮಸ್ ಲೇಪಿತ ಸ್ಟೆಂಟ್ ಬಂತು. 2002ರ ರಾವೆಲ್ ಪ್ರಯೋಗದಲ್ಲಿ ಆರು ತಿಂಗಳಿಗೆ ಬರಿ ಲೋಹದ ಗುಂಪಿನಲ್ಲಿ ಶೇ. 26.6 ಮಂದಿಗೆ ನಾಳ ಮತ್ತೆ ಕಿರಿದಾಗಿತ್ತು. ಔಷಧದ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಆ ಸೊನ್ನೆಯನ್ನು ಗೆಲುವೆಂದು ಓದಿದವರು ಅದರ ಇನ್ನೊಂದು ಮಗ್ಗುಲನ್ನು ನೋಡಲಿಲ್ಲ: ಸ್ನಾಯುಕೋಶವನ್ನು ತಡೆಯುವ ಔಷಧ ಎಂಡೋಥೀಲಿಯಂ ಕೋಶವನ್ನೂ ತಡೆಯುತ್ತದೆ. ಹಂದಿಗಳ ನಾಳ ಸುಮಾರು ಒಂದು ತಿಂಗಳಲ್ಲಿ ಮಾಯುತ್ತಿದ್ದುದೂ ಈ ಭರವಸೆಗೆ ಇಂಬು ಕೊಟ್ಟಿತು. ಆದರೆ ಆ ಪ್ರಾಣಿಗಳ ನಾಳ ರೋಗವಿಲ್ಲದ್ದು, ಎಳೆಯದು. ಮನುಷ್ಯನ ಗಡಸು, ಕೊಬ್ಬು ತುಂಬಿದ ನಾಳಕ್ಕೆ ಆ ವೇಗ ಅನ್ವಯಿಸದು. 2006ರಲ್ಲಿ ಮೈಕೆಲ್ ಯೋನರ್ ಮತ್ತು ಸಂಗಡಿಗರು ಶವಪರೀಕ್ಷೆಯಲ್ಲಿ ಕಂಡದ್ದು ಇದನ್ನೇ: ಎಂಡೋಥೀಲಿಯಂ ಹೊದಿಕೆ ಬರಿ ಲೋಹದ ಸ್ಟೆಂಟಿನಲ್ಲಿ ಶೇ. 89.8, ಔಷಧದ ಸ್ಟೆಂಟಿನಲ್ಲಿ ಶೇ. 55.8. ಎಳೆಗಳ ಸುತ್ತ ಫೈಬ್ರಿನ್ ಹಾಗೆಯೇ ಉಳಿದಿತ್ತು.

ಫಿನ್ ತಂಡ ಮುಂದಿನ ಪ್ರಶ್ನೆ ಕೇಳಿತು: ಹೆಪ್ಪುಗಟ್ಟಿದ ಸ್ಟೆಂಟಿಗೂ ಗಟ್ಟದ್ದಕ್ಕೂ ಏನು ವ್ಯತ್ಯಾಸ? ಅದರ ಮುಂದಿದ್ದವು 46 ಶವಪರೀಕ್ಷೆಗಳಿಂದ ಬಂದ, ಔಷಧದ ಸ್ಟೆಂಟ್ ಹಾಕಿ 30 ದಿನ ದಾಟಿದ್ದ 62 ನಾಳಭಾಗಗಳು. 28ರಲ್ಲಿ ಹೆಪ್ಪು, 34ರಲ್ಲಿ ಇಲ್ಲ. ಅಡ್ಡಕೊಯ್ತದಲ್ಲಿ ಬೋಳು ಎಳೆಗಳ ಪಾಲು ಶೇ. 30 ಮೀರಿದಾಗ ಹೆಪ್ಪಿನ ಸಾಧ್ಯತಾನುಪಾತ 9.0, ಅದರ ವಿಶ್ವಾಸವ್ಯಾಪ್ತಿ 3.5ರಿಂದ 22.

ಈ ಅಂಕಿಯ ಮೇಲೆ ಹೊರಿಸಿರುವ ಭಾರ ಅದು ಹೊರಲಾರದಷ್ಟು. ಮೊದಲನೆಯದಾಗಿ, ಹೋಲಿಕೆ ನಡೆದದ್ದು ಸತ್ತವರ ನಡುವೆಯೇ. ಬೋಳು ಎಳೆಗಳಿದ್ದೂ ಆರೋಗ್ಯವಾಗಿ ಬದುಕಿರುವವರು ಎಣಿಕೆಯಲ್ಲಿಲ್ಲ. ಹಾಗಾಗಿ ಬದುಕಿರುವ ರೋಗಿಗೆ ಮುಂದೆ ಎಷ್ಟು ಅಪಾಯವೆಂದು ಇದರಿಂದ ಹೇಳಲಾಗದು. ಎರಡನೆಯದಾಗಿ, 3.5ಕ್ಕೂ 22ಕ್ಕೂ ನಡುವಿನ ಅಂತರ ಸಣ್ಣದಲ್ಲ: ದಿಕ್ಕು ಖಚಿತ, ಪ್ರಮಾಣ ಸಡಿಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗೆರೆಯ ಮೇಲಿದ್ದರೆ ಅಪಾಯ ಹೆಚ್ಚು ಎಂಬುದರಿಂದ ಕೆಳಗಿದ್ದರೆ ಮಾಯಿತು ಎಂಬ ತೀರ್ಮಾನ ಹುಟ್ಟುವುದಿಲ್ಲ. ಒಂದೇ ಸ್ಟೆಂಟಿನಲ್ಲಿ ಒಂದು ಕೊಯ್ತ ಪೂರ್ತಿ ಮುಚ್ಚಿ ಪಕ್ಕದ್ದು ಬೋಳಾಗಿರಬಹುದು. ಇಡೀ ಸ್ಟೆಂಟಿನ ಸರಾಸರಿ ಅಂಥ ಜಾಗವನ್ನು ಮರೆಮಾಡುತ್ತದೆ. (ಇದು ಫಿನ್ ತಂಡದ ದೋಷವಲ್ಲ, ಮೂಲವನ್ನು ಓದದೆ ಅಂಕಿಯನ್ನಷ್ಟೇ ಎತ್ತಿಕೊಂಡವರದು.)

ಗೊಂದಲ ಹೆಚ್ಚಿದ್ದು ಅದೇ ಅಂಕಿಯನ್ನು ಓಸಿಟಿ ಚಿತ್ರಣಕ್ಕೆ ತಂದಾಗ. ಬೆಳಕಿನಿಂದ ನಾಳದ ಒಳಗೋಡೆಯನ್ನು ತೋರಿಸುವ ಈ ವಿಧಾನದ ಸೂಕ್ಷ್ಮತೆ ಸುಮಾರು 10ರಿಂದ 20 ಮೈಕ್ರೋಮೀಟರ್. ಎಂಡೋಥೀಲಿಯಂನ ಒಂಟಿ ಪದರ ಅದಕ್ಕಿಂತ ತೆಳು. ಫೈಬ್ರಿನ್ ಮೆತ್ತಿದ ಎಳೆಯೂ ಜೀವಂತ ಅಂಗಾಂಶ ಹೊದ್ದ ಎಳೆಯೂ ಅಲ್ಲಿ ಹೆಚ್ಚುಕಡಿಮೆ ಒಂದೇ ತೆರ. ಎರಡೂ ‘ಮುಚ್ಚಿದ’ ಪಟ್ಟಿಗೆ ಸೇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಎಣಿಸಿದ ಬೋಳು ಎಳೆ ಮತ್ತು ಓಸಿಟಿಯಲ್ಲಿ ಎಣಿಸಿದ ಬೋಳು ಎಳೆ ಒಂದೇ ಅಳತೆಯಲ್ಲ.

ಹೊದಿಕೆ ಪೂರ್ತಿಯಾದರೂ ಮಾಯುವಿಕೆ ಮುಗಿದಿರಬೇಕಿಲ್ಲವೆಂಬುದಕ್ಕೆ ಹೊಸ ತಲೆಮಾರಿನ ಸ್ಟೆಂಟ್‌ಗಳೇ ಸಾಕ್ಷಿ. ಮೊದಲ ತಲೆಮಾರಿನ ಸಿರೋಲಿಮಸ್ ಸ್ಟೆಂಟ್ ಆದ ಸೈಫರಿನ ಎಳೆ 140 ಮೈಕ್ರೋಮೀಟರ್ ದಪ್ಪವಿದ್ದರೆ ಎವರೋಲಿಮಸ್ ಲೇಪಿತ ಕೋಬಾಲ್ಟ್-ಕ್ರೋಮಿಯಂ ಸ್ಟೆಂಟಿನದು 81. ಫುಮಿಯುಕಿ ಒತ್ಸುಕಾ ತಂಡದ 2014ರ ಶವಪರೀಕ್ಷೆಗಳಲ್ಲಿ ಬೋಳು ಎಳೆಗಳ ಮಧ್ಯಾಂಕ ಎವರೋಲಿಮಸ್‌ನಲ್ಲಿ ಶೇ. 2.6, ಸಿರೋಲಿಮಸ್‌ನಲ್ಲಿ ಶೇ. 18.0, ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಶೇ. 18.7. ತಡವಾಗಿ ಕಟ್ಟುವ ಹೆಪ್ಪೂ ಇಳಿದಿತ್ತು. ಆದರೆ ಹೊಸ ಅಂಗಾಂಶದೊಳಗೇ ಕೊಬ್ಬು ಶೇಖರವಾಗುವ ಮರುರೋಗ ಕ್ರಮವಾಗಿ ಶೇ. 29, 35 ಮತ್ತು 19. ಅಲ್ಲಿ ಹೇಳಿಕೊಳ್ಳುವಂಥ ಸುಧಾರಣೆಯಿಲ್ಲ. ಕೋಶಗಳು ಇದ್ದರೂ ಅವುಗಳ ಬೆಸುಗೆ ಸಡಿಲವಾಗಿದ್ದರೆ ಕೊಬ್ಬಿನ ಕಣಗಳು ಒಳಗೆ ಜಿನುಗುತ್ತವೆ.

ಕಾಲಕ್ರಮೇಣ ಕರಗುವ ಅಬ್ಸಾರ್ಬ್ ಸ್ಟೆಂಟ್ ಈ ತೊಡಕನ್ನು ಬಿಡಿಸುತ್ತದೆಂಬ ನಿರೀಕ್ಷೆಯಿತ್ತು. ಅದರ ಎಳೆಯ ದಪ್ಪ 157 ಮೈಕ್ರೋಮೀಟರ್. ಐಡಾ ಪ್ರಯೋಗದಲ್ಲಿ ಎರಡು ವರ್ಷಕ್ಕೆ ಹೆಪ್ಪುಗಟ್ಟುವಿಕೆ ಶೇ. 3.5, ಲೋಹದ ಸ್ಟೆಂಟಿನಲ್ಲಿ ಶೇ. 0.9. 2017ರಲ್ಲಿ ಅದರ ಮಾರಾಟ ನಿಂತಿತು.

ಆದ್ದರಿಂದ ಶೇ. 30 ಎಂಬುದು ಅಪಾಯದ ಸೂಚಕ, ಮಾಯಿತೆನ್ನುವುದಕ್ಕೆ ಪ್ರಮಾಣಪತ್ರವಲ್ಲ. ಎಳೆ ಮುಚ್ಚಿದೆ ಎನ್ನುವ ಯಾವ ವರದಿಯೂ ಮುಚ್ಚಿದ್ದು ಏನು, ನೋಡಿದ್ದು ಯಾವ ಉಪಕರಣದಿಂದ ಎಂಬೆರಡನ್ನು ಹೇಳದಿದ್ದರೆ ಅಪೂರ್ಣ.